ಹದಿನಾಲ್ಕನೇ ಪ್ರಶ್ನೆ

ಮಗಳ ಬಾಯಿಯೊಳಗೆ ಹೆತ್ತ ತಾಯಿಗಿಂತ ಹೆಚ್ಚು ಇಣುಕಿ ನೋಡಿದವರು ಹಲ್ಲಿನ ಅಧ್ಯಯನದವರು. ಒಂದೇ ವರ್ಷ, ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಎಂಟುನೂರು ಕೂಸುಗಳನ್ನು ಆರಿಸಿಕೊಂಡು, ಹಲ್ಲು ಮೊಳೆಯುವ ಮೊದಲೇ ಬೆನ್ನು ಹತ್ತಿದ್ದರು. ಒಂದು ವರ್ಷಕ್ಕೆ, ಎರಡಕ್ಕೆ, ಐದಕ್ಕೆ, ಒಂಬತ್ತಕ್ಕೆ, ಹದಿನೈದಕ್ಕೆ ಬಾಯಿ ತೆರೆಸಿ, ಎಣಿಸಿ, ಬರೆದುಕೊಂಡರು. ಸ್ವಂತ ನೆಂಟರೂ ಇಷ್ಟು ತಪ್ಪದೆ ಬಂದು ವಿಚಾರಿಸಿರಲಿಲ್ಲ. ಈಗ ಆ ಕೂಸುಗಳಿಗೇ ಕೂಸುಗಳಾಗಿವೆ. ಅವುಗಳನ್ನೂ ಬಿಡುವ ಹಾಗಿಲ್ಲವಂತೆ.

ಹಾಗಾಗಿ ಇಪ್ಪತ್ತಾರರ ಮಗಳು ಹನ್ನೊಂದು ತಿಂಗಳ ಪಾಪುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಯ ಎರಡನೇ ಮಹಡಿಯ ಅಧ್ಯಯನದ ಕೋಣೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಅಮ್ಮ. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಕೈ ಸುಮ್ಮನಿರಬೇಕಲ್ಲ, ಮೊಮ್ಮಗಳ ಹೊದಿಕೆಯನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ನಡೆದಿತ್ತು. ಈ ಕೋಣೆಯೆಂದರೆ ಅಮ್ಮನಿಗೆ ಭಯ. ಕಾರಣ ಹದಿನಾಲ್ಕನೇ ಪ್ರಶ್ನೆ.

ಮಗುವನ್ನು ಮಲಗಿಸುವಾಗ ಸಿಹಿ ಕೊಡುತ್ತೀರಾ? ಮಗಳಿಗೆ ವರ್ಷ ತುಂಬಿದಾಗ ಸೈಕಲ್ಲಿನಲ್ಲಿ ಮನೆಗೆ ಬಂದ ನರ್ಸಮ್ಮ ಕೇಳಿದ್ದರು. ಅಮ್ಮ ತಡವರಿಸದೆ ಇಲ್ಲ ಎಂದಿದ್ದಳು. ನಿಜ ಬೇರೆಯಿತ್ತು. ಗಂಡ ಲಾರಿ ಹತ್ತಿದರೆ ಹದಿನೈದು ದಿನ ಪತ್ತೆಯಿಲ್ಲ, ಇವಳಿಗೆ ಬೆಳಗಿನ ಐದಕ್ಕೆ ಪಾಳಿ, ಕೂಸಿಗೋ ನಿದ್ದೆಯೆಂದರೆ ಅಲರ್ಜಿ. ಒದ್ದೆ ನಿಪ್ಪಲನ್ನು ಸಕ್ಕರೆಯಲ್ಲಿ ಅದ್ದಿ ಬಾಯಿಗಿಟ್ಟರೆ ಮಾತ್ರ ಮನೆ ತಣ್ಣಗಾಗುತ್ತಿತ್ತು. ಐದು ತುಂಬುವಷ್ಟರಲ್ಲಿ ಮಗಳ ಮುಂದಿನ ನಾಲ್ಕು ಹಲ್ಲು ಸವೆದು ಕಪ್ಪಾದವು. ಶಾಲೆಯಲ್ಲಿ ‘ಇದ್ದಿಲು’ ಎಂದು ಹೆಸರಿಟ್ಟರು. ಹಾಲುಹಲ್ಲು ಬಿದ್ದು ಚೆಂದದ ಹಲ್ಲು ಬಂದರೂ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮಗಳು ಇವತ್ತಿಗೂ ಬಿಟ್ಟಿಲ್ಲ. ಅದನ್ನು ಕಂಡಾಗಲೆಲ್ಲ ಅಮ್ಮ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. ಕೇಳಿದವರಿಗೆಲ್ಲ ‘ಅವಳ ಅಜ್ಜಿ ಹಲ್ಲು ಬಂದಿದೆ’ ಎಂದು, ಪಾಪ, ಸತ್ತ ಅತ್ತೆಯ ತಲೆಗೆ ಕಟ್ಟಿಬಿಟ್ಟಿದ್ದಳು.

ಎದುರು ಕೂತು ಪ್ರಶ್ನೆ ಕೇಳುತ್ತಿದ್ದ ಹುಡುಗಿ ಈಗ ಆ ಹದಿನಾಲ್ಕಕ್ಕೇ ಬಂದಳು. “ಮಲಗಿಸುವಾಗ ಪಾಪುಗೆ ಸಿಹಿ ಏನಾದ್ರೂ ಕೊಡ್ತೀರಾ?”

“ಛೆ, ಇಲ್ಲ,” ಎಂದಳು ಮಗಳು, ಕಿಟಕಿಯತ್ತ ನೋಡುತ್ತ.

ಅಮ್ಮನ ಕೈ ನಿಂತಿತು. ಆ ‘ಇಲ್ಲ’ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಳಿಯನೂ ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಅಲೆಯುವವನು. ಮಗಳ ಕಣ್ಣುಗಳು ಗುಳಿಬಿದ್ದಿದ್ದವು. ಈಗ ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಮರ್ಯಾದೆ ಉಳಿಯುತ್ತದೆ, ಮೊಮ್ಮಗಳ ಅಕ್ಕಿಕಾಳಿನಂಥ ಎರಡು ಹಲ್ಲು ಉಳಿಯುವುದಿಲ್ಲ. ಬಾಯಿ ಬಿಟ್ಟರೆ ಮಗಳಿಗೆ ಮುಖ ತೋರಿಸುವುದು ಹೇಗೆ?

“ನಾನು ಸುಳ್ಳು ಹೇಳಿದ್ದೆ ಕಣಮ್ಮ,” ಎಂದಳು ಹುಡುಗಿಗೆ. “ಇವಳು ಕೂಸಾಗಿದ್ದಾಗ ದಿನಾ ನಿಪ್ಪಲಿಗೆ ಸಕ್ಕರೆ ಹಚ್ತಿದ್ದೆ. ಇವಳ ಹಲ್ಲು ಹಾಳಾಗಿದ್ದು ನನ್ನಿಂದಾನೇ. ಅಜ್ಜಿಯಿಂದ ಅಲ್ಲ.”

ಮಗಳು ತಿರುಗಿ ನೋಡಿದಳು. ಕುರ್ಚಿ ಸಮೇತ ಭೂಮಿಗಿಳಿದು ಹೋಗಬಾರದೇ ಅನ್ನಿಸಿತು ಅಮ್ಮನಿಗೆ.

“ತಿದ್ಬೇಕಂದ್ರೆ ಹಳೇದನ್ನ ನೋಡ್ಬೇಕು,” ಎಂದು ಹುಡುಗಿ ಕಪಾಟಿನಿಂದ ಅಂಚು ಹರಿದ ಫೈಲು ತಂದಳು. ಹಾಳೆ ತಿರುವುತ್ತಿದ್ದವಳ ಕೈ ಒಂದು ಪುಟದಲ್ಲಿ ನಿಂತಿತು. ಆಮೇಲೆ ಫೈಲನ್ನು ಮಗಳ ಮುಂದೆ ಸರಿಸಿದಳು. “ನಿಮ್ಮದೇ ಫೈಲು. ನೀವೇ ಓದಿ.”

ಹದಿನಾಲ್ಕರ ಎದುರು ‘ಹೌದು’ ಎಂದಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಆ ನರ್ಸಮ್ಮನ ಸಣ್ಣ ಅಕ್ಷರ. ಮಗಳು ಗಟ್ಟಿಯಾಗಿ ಓದಿದಳು.

“ತಾಯಿ ಇಲ್ಲ ಎಂದರು. ತೊಟ್ಟಿಲ ಕಾಲಿಗೆ ಇರುವೆ ಸಾಲು ಹತ್ತಿತ್ತು, ಆದ್ದರಿಂದ ಹೌದು ಎಂದು ಬರೆದಿದ್ದೇನೆ. ಕೂತಲ್ಲೇ ತೂಕಡಿಸುತ್ತಿದ್ದರು. ಅರ್ಧ ಗಂಟೆ ಮಗುವನ್ನು ಎತ್ತಿಕೊಂಡೆ, ಅವರು ಮಲಗಿದರು. ಇವತ್ತು ಬುದ್ಧಿ ಹೇಳಲು ಮನಸ್ಸಾಗಲಿಲ್ಲ. ಮುಂದಿನ ಸಲ ಸಮಾಧಾನವಾಗಿ ಹೇಳಬೇಕು.”

ಮುಂದಿನ ಸಲ ಬೇರೆ ಯಾರೋ ಬಂದಿದ್ದರು. ಆದರೆ ಆ ಅರ್ಧ ಗಂಟೆ ಅಮ್ಮನಿಗೆ ಚೆನ್ನಾಗಿ ನೆನಪಿತ್ತು. ಆ ವರ್ಷವೆಲ್ಲ ಅವಳು ಹಗಲು ಮಲಗಿದ್ದು ಅದೊಂದೇ ಸಲ. ಎದ್ದಾಗ ಮಗು ನರ್ಸಮ್ಮನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಇಪ್ಪತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬೆಂದ ಗುಟ್ಟು ಮೊದಲ ದಿನವೇ ಬಯಲಾಗಿತ್ತು, ಇವಳೊಬ್ಬಳಿಗೆ ಗೊತ್ತಿರಲಿಲ್ಲ. ಅಮ್ಮ ಮೊಮ್ಮಗಳ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಅಷ್ಟು ಸುಸ್ತಾಗಿದ್ಯಾಮ್ಮ?” ಎಂದಳು ಮಗಳು ಮೆಲ್ಲಗೆ.

“ಒಬ್ಬಳೇ ಇದ್ದೆ ಕಣೇ.”

ಮಗಳು ಪಾಪುವನ್ನು ಅಮ್ಮನ ತೊಡೆಗೆ ದಾಟಿಸಿದಳು. ಚೀಲದ ತಳಕ್ಕೆ ಕೈ ಹಾಕಿ, ಜೇನಿನ ಪುಟ್ಟ ಶೀಶೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಹದಿನಾಲ್ಕನೇದು,” ಎಂದಳು ಹುಡುಗಿಗೆ, “ಇನ್ನೊಂದ್ಸಲ ಕೇಳಿ.”