ಮುಕ್ಕಾಲು ಗೇಣಿನ ಲೆನ್ಸ್

ಅಪ್ಪ ಹೋಗಿ ಹದಿನಾಲ್ಕು ದಿನ. ನನಗೆ ಇನ್ನೂ ಅಳು ಬಂದಿಲ್ಲ. ಮಾತಾಡಿಸಲು ಬಂದವರೆಲ್ಲ ಮುಖ ನೋಡಿ "ಗಟ್ಟಿ ಹೆಣ್ಣಮಗಳು" ಎಂದು ಹೇಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಮೇಲೆ ತುಟಿ ಹೇಗಿರುತ್ತದೋ ಹಾಗಿದ್ದೇನೆ, ಅಷ್ಟೇ. ಅದೇ ಸ್ಥಿತಿಯಲ್ಲಿ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರದ ಕಲ್ಮೇಶನ ಸ್ಟುಡಿಯೊಕ್ಕೆ, ಸಣ್ಣದನ್ನು ಹಿಗ್ಗಿಸಿ ತೋರಿಸುವ ಮ್ಯಾಕ್ರೊ ಲೆನ್ಸ್ ಕೊಳ್ಳಲು ಹೋದೆ.

ನಾನು ಸೀರೆ ಅಂಗಡಿಯೊಂದಕ್ಕೆ ಫೋಟೊ ತೆಗೆದುಕೊಡುವವಳು. ಕಲ್ಮೇಶನಿಗೆ ಅದು ಗೊತ್ತು.

"ಸೀರಿಗಿ ಮ್ಯಾಕ್ರೊ ಯಾಕ್ರಿ ಅಕ್ಕಾರ? ಎಳಿ ಎಣಸವರದೀರೇನು?"

"ಸೀರಿಗಲ್ಲ, ದೇವರಿಗೆ," ಎಂದೆ.

ನಮ್ಮ ದೇವರ ಪೆಟ್ಟಿಗೆಯಲ್ಲಿ ಐದು ಸಾಲಿಗ್ರಾಮಗಳಿವೆ. ನಿತ್ಯ ಪೂಜೆಯಿಲ್ಲದೆ ಅವನ್ನು ಮನೆಯಲ್ಲಿ ಇಡಬಾರದು. ಹೆಂಗಸರು ಮುಟ್ಟುವಂತಿಲ್ಲ. ತಮ್ಮ ಸಂಜೀವನಿಗೆ ಯರಗಟ್ಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ; ದಿನಾ ಪೂಜೆ ಅವನಿಂದಾಗದು. ಆದ್ದರಿಂದ ನಾಳೆ ಮಠಕ್ಕೆ ಒಪ್ಪಿಸಬೇಕು, ಯಾವ ಕಲ್ಲು ಯಾವ ಮೂರ್ತಿ ಎಂದು ಬರೆದುಕೊಂಡು. ಸಂಜೀವ ಮುಟ್ಟಬಲ್ಲ, ಹೆಸರು ಗೊತ್ತಿಲ್ಲ. ಮುಚ್ಚಿದ ಬಾಗಿಲ ಹೊರಗೆ ಕೂತು ಹೂಬತ್ತಿ ಹೊಸೆಯುತ್ತ ವರ್ಷಗಟ್ಟಲೆ ಅಪ್ಪನ ದನಿ ಕೇಳಿದ ನನಗೆ ಹೆಸರು ಬಾಯಿಪಾಠ. ಕಲ್ಲು ಮಾತ್ರ ನೋಡಿಲ್ಲ. ಯಾವುದಕ್ಕೆ ಎಷ್ಟು ಚಕ್ರ, ಎಲ್ಲೆಲ್ಲಿ ಎಂದು ಅಪ್ಪ ಹಿಂದೆಂದೋ ಬರೆದಿಟ್ಟ ಚೀಟಿ ಇದೆ. ಆದರೆ ಚಕ್ರವೆಂದರೆ ಸಾಸಿವೆಯಷ್ಟು ಬಾಯಿಯ ಒಳಗಿನ ಗೆರೆಗಳು. ಬರಿಗಣ್ಣಿಗೆ ಎಲ್ಲಿ ಕಾಣಬೇಕು?

ನಿಜ ಹೇಳಬೇಕೆಂದರೆ ಪಟ್ಟಿ ಒಂದು ನೆವ. ನಾಳೆ ಪೆಟ್ಟಿಗೆ ಹೋದರೆ ಹೋಯಿತು. ಅಪ್ಪ ಜೀವಮಾನವೆಲ್ಲ ನೋಡಿದ್ದನ್ನು ನಾನು ಒಮ್ಮೆ ನೋಡಬೇಕಿತ್ತು.

ಸಾಲಿಗ್ರಾಮದ ವಿಷಯ ಕೇಳಿ ಕಲ್ಮೇಶ ಎರಡು ಲೆನ್ಸ್ ತೆಗೆದಿಟ್ಟ. "ಇದು ಅರವತ್ತು ಎಂ.ಎಂ.ದು, ಹಗುರ ಐತಿ. ಆದ್ರ ನಾಲ್ಕು ಬೆರಳಿನಷ್ಟು ಸನೇಕ ಹೋಗಬೇಕ್ರಿ. ಲೆನ್ಸಿನ ನೆರಳಽ ಕಲ್ಲಿನ ಮ್ಯಾಲೆ ಬೀಳತೈತಿ. ಇದು ನೂರು ಎಂ.ಎಂ.ದು, ಮುಕ್ಕಾಲು ಗೇಣು ದೂರ ನಿಂತ್ರೂ ನಡೀತೈತಿ."

"ಮೂರು ಫೂಟ್ ದೂರದಿಂದ ಬರೂದು ಇಲ್ಲೇನು?"

ಅವನು ನಕ್ಕ. "ಹತ್ರ ಹೋಗಾಕಂತಽ ಮಾಡಿದ ಲೆನ್ಸ್ ಕೇಳತೀರಿ, ಮತ್ತ ದೂರಽ ನಿಂದರತೇನಿ ಅಂತೀರಿ! ಕಲ್ಲು ಕೈಯಾಗ ಹಿಡಕೊಂಡು ಕಿಟಕಿ ಬೆಳಕಿಗೆ ಬರ್ರಿ, ಕೆಲಸ ಮುಗೀತು."

"ಹಂಗೆಲ್ಲಾ ಮುಟ್ಟಲಿಕ್ಕೆ ಬರೂದಿಲ್ಲಪ್ಪಾ. ಏನು ಮಾತಾಡ್ತಿ?" ಎಂದು ಗದರಿದೆ. ಮುಕ್ಕಾಲು ಗೇಣಿನದನ್ನೇ ತಂದೆ.

ಮಧ್ಯಾಹ್ನ ಸಂಜೀವ ಒದ್ದೆ ಪಂಚೆಯಲ್ಲಿ ಬಂದು, ತಟ್ಟೆಯಲ್ಲಿ ಐದೂ ಕಲ್ಲು ಜೋಡಿಸಿ ದೇವರಮನೆಯ ಹೊಸ್ತಿಲ ಒಳಗಿಟ್ಟ. ನಾನು ಹೊರಗೆ ಕ್ಯಾಮೆರಾ ಹಿಡಿದು ಬೋರಲು ಮಲಗಿದೆ. ಅವ್ವ ಶಾಂತಾಬಾಯಿ ಗೋಡೆಗೊರಗಿ ಸುಮ್ಮನೆ ಕೂತಿದ್ದಳು. ಉಸಿರು ಬಿಟ್ಟರೂ ಚಿತ್ರ ಮಸುಕಾಗುತ್ತಿತ್ತು. ಕಡೆಗೂ ಕಪ್ಪು ಗುಹೆಯೊಳಗೆ ಸುರುಳಿ ಗೆರೆಗಳು ಕಂಡವು. ಎಷ್ಟು ಚೆಂದ! ಚೆಂದ ಎಂದು ಗೊತ್ತಾಯಿತು, ಆದರೆ ಎದೆಯಲ್ಲಿ ಏನೂ ಆಗಲಿಲ್ಲ. ಚೀಟಿ ನೋಡಿ ಸಂಜೀವನಿಂದ ನಾಲ್ಕು ಹೆಸರು ಬರೆಸಿದೆ.

ಐದನೆಯದರ ಬಾಯಲ್ಲಿ ಒಂದು ಗೆರೆ ಹೆಚ್ಚಿತ್ತು. ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿದೆ. "ಗೆರಿ ಅಲ್ಲ ಇದು, ಕೂದಲು," ಎಂದೆ. ಬಿಳಿಯದು, ಉದ್ದನೆಯದು, ಗಂಧದಲ್ಲಿ ಮೆತ್ತಿಕೊಂಡಿತ್ತು. ಅಪ್ಪನ ತಲೆಯಲ್ಲಿ ಒಂದೂ ಕೂದಲಿರಲಿಲ್ಲ.

"ಅದು ನಂದು," ಎಂದಳು ಅವ್ವ.

ಸಂಜೀವ ತಿರುಗಿ ನೋಡಿದ. "ನಿಂದು ಅಲ್ಲಿ ಹ್ಯಾಂಗ ಹೋತವ್ವಾ?"

"ಹ್ಯಾಂಗ ಹೋಗ್ತದ? ಒಂಬತ್ತು ವರ್ಷ ಅಭಿಷೇಕ ಮಾಡಿದಾಕಿ ನಾನು. ನಿಮ್ಮಪ್ಪಗ ಬೆಳಕು-ಕತ್ತಲಿ ಬಿಟ್ರ ಏನೂ ಕಾಣ್ತಿದ್ದಿಲ್ಲ. ಮಂತ್ರ ಅವರದು, ಕೈ ನಂದು."

ಅಪ್ಪನಿಗೆ ಕಣ್ಣು ಮಂಜೆಂದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ; ಅವ್ವ ಗಂಧ ತೇಯಲು ಒಳಗಿರುತ್ತಾಳೆ ಎಂದೇ ನಾವು ತಿಳಿದಿದ್ದೆವು. ಅವಳು ಮಂಡಿಯ ಮೇಲೆ ಕೈಯೂರಿ ಎದ್ದು, ಹೊಸ್ತಿಲು ದಾಟಿ, ತಟ್ಟೆಯ ಮುಂದೆ ಕೂತಳು. ಬೆರಳಿನಿಂದ ಸವರಿ ಒಂದೊಂದನ್ನೇ ಸರಿಸಿಟ್ಟಳು. "ಇಂವಾ ದಾಮೋದರ. ಇಂವಾ ನರಸಿಂಹ, ಬಾಯಿ ಅಗಲ. ಇದು ಲಕ್ಷ್ಮೀನಾರಾಯಣ. ಸುದರ್ಶನ. ಇಂವಾ ಸಣ್ಣಾಂವ, ವಾಮನ." ನಾನು ಬರೆಸಿದ ನಾಲ್ಕರಲ್ಲಿ ಎರಡು ತಪ್ಪಾಗಿದ್ದವು. ಸಂಜೀವ ತಿದ್ದಿಕೊಂಡ.

ಎಷ್ಟೋ ದಿನಗಳ ಮೇಲೆ ನನಗೆ ಏನೋ ಅನಿಸಿತು. ಸಿಟ್ಟು. "ಮೊದಲಽ ಹೇಳಬಾರದಾಗಿತ್ತೇನು? ಊರೆಲ್ಲಾ ತಿರುಗಿ ಲೆನ್ಸ್ ತಂದೀನಿ!"

"ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದ್ರ ನಾ ಏನ್ ಮಾಡ್ಲಿ? ನನ್ನ ಯಾರು ಕೇಳಿದ್ರಿ? ಸಂಜೂ ಕೇಳ್ಲಿಲ್ಲ, ಹೋಗ್ಲಿ, ಗಂಡಸು. ನೀನೂ ಕೇಳ್ಲಿಲ್ಲ."

ಮುಖಕ್ಕೆ ಹೊಡೆದಂತಾಯಿತು. ಆದರೂ ಬಿಡಲಿಲ್ಲ. "ದಿನಾ ಬಾಗಿಲ ಹೊರಗಽ ಕೂಡ್ತಿದ್ದೆ. ಒಮ್ಮೆರೆ ಒಳಗ ಕರೀಬೇಕು ಅನಸ್ಲಿಲ್ಲೇನು ನಿನಗ?"

"ದಿನಾ ಅನಸ್ತಿತ್ತು, ಪದ್ಮಾ. ನಿಮ್ಮಪ್ಪನೂ ಕರಿ ಅಂತಿದ್ರು. ಮಡಿ ಮೈಲಿಗಿ ಅಂತ ಈ ಮನ್ಯಾಗ ಎಲ್ಲಾರಕಿಂತ ಜೋರು ನೀನು. ನೀ ಏನಂತೀಯೋ ಅಂತ ಅಂಜಿದ್ವಿ, ಇಬ್ಬರೂ."

ಸಂಜೀವ ಪಟ್ಟಿ ಮಡಿಸುತ್ತ ಎದ್ದು ಹೊರಗೆ ಹೋದ. ಅವ್ವ ವಾಮನನನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ಚಾಚಿದಳು.

"ಹಿಡಿ. ಇನ್ನೇನು, ನಾಳೆ ಹೋಗ್ತಾನ."

ಎದ್ದು ಕೂತು ಕ್ಯಾಮೆರಾ ಕೆಳಗಿಟ್ಟೆ. ಕೈ ಮುಂದೆ ಮಾಡಬೇಕು ಎಂದುಕೊಂಡೆ. ಆಗಲಿಲ್ಲ. ಬೇಡವೆಂದಲ್ಲ, ದೇವರಾಣೆಗೂ ಬೇಕಿತ್ತು. ಕೈ ಮಾತ್ರ ಮಡಿಲಲ್ಲೇ ಬಿದ್ದಿತ್ತು, ಬೇರೆ ಯಾರದೋ ಕೈಯ ಹಾಗೆ. ಅವ್ವ ಕೈ ಚಾಚಿಕೊಂಡೇ ಕೂತಿದ್ದಳು, ತೋಳು ಸೋಲುವವರೆಗೆ. ಆಮೇಲೆ ವಾಮನನನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.