ಅಳತೆಗೆ ಬಂದವಳು

ಲಕ್ವ ಹೊಡೆದ ಮೇಲೆ ದರ್ಜಿಯ ಎಡಗೈಗೆ ಬಟ್ಟೆ ನಿಲ್ಲುತ್ತಿರಲಿಲ್ಲ. ಮಷಿನ್ ಮಾರಿಬಿಡೋಣ ಎಂದು ದುಂಬಾಲು ಬಿದ್ದಿದ್ದ ಮಗ, ಹಿಂದಿನ ಬೀದಿಯ ಕ್ಲಿನಿಕ್ಕಿನಲ್ಲಿ ವಿಚಾರಿಸಿ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬಳನ್ನು ಮನೆಗೆ ಕಳುಹಿಸಿದ. ಈ ಅಕ್ಕರೆಯ ಹಿಂದೆ ಏನೋ ಮಸಲತ್ತಿದೆ ಎಂದು ದರ್ಜಿಗೆ ಗುಮಾನಿ.

ಅವಳು ಕೈಯನ್ನು ಮಡಚಿ ಬಿಡಿಸಿ ನೋಡಿದಳು. ಅಂಗಿಯ ಗುಂಡಿ ಯಾರು ಹಾಕುತ್ತಾರೆ ಎಂದು ಕೇಳಿದಳು. ಆಮೇಲೆ ಟೇಪು ತೆಗೆದು ಸ್ಟೂಲನ್ನೂ ಮಷಿನ್ ಮೇಜನ್ನೂ ಅಳೆದಳು. ಊರಿಗೆಲ್ಲ ಅಳತೆ ತೆಗೆದವನ ಮನೆಯಲ್ಲಿ ಅಳತೆ!

“ಏನಮ್ಮ, ಮಷಿನ್ನಿಗೆ ಬೆಲೆ ಕಟ್ತಿದ್ದೀಯಾ?”

“ಇಲ್ಲ ಯಜಮಾನ್ರೇ. ಕೈಗೆ ವ್ಯಾಯಾಮಾನೂ ಹೇಳ್ಕೊಡ್ತೀನಿ. ಆದ್ರೆ ಈಗಿರೋ ಕೈಲೇ ನಿಮ್ಮ ಕೆಲಸ ನೀವು ಮಾಡ್ಕೊಳ್ಳೋ ದಾರಿ ಹುಡುಕೋದು ನನ್ನ ಕಸುಬು.”

“ಮಗ ಏನು ಹೇಳ್ಕೊಟ್ಟು ಕಳ್ಸಿದ?”

“ಇನ್ನು ಹೊಲಿಯೋಕಾಗಲ್ಲ ಅಂತ ನಿಮಗೆ ಹೇಳ್ಬೇಕಂತೆ. ನೋಡದೆ ಹೇಳಲ್ಲ ಅಂದೆ.”

ಗುಮಾನಿ ಸುಳ್ಳಾಗಲಿಲ್ಲ, ಇವಳನ್ನು ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಅವಳು ಸ್ಟೂಲಿನ ಮೇಲೆ ದಪ್ಪ ದಿಂಬಿಟ್ಟಳು. ಮಷಿನ್ನಿನ ಎಡಕ್ಕೆ ಒಂದು ಹಲಗೆ ಚಾಚಿ, ಅದರ ಮೇಲೆ ಅವನ ಮೊಣಕೈ ಊರಿಸಿ, ತುಂಡು ಬಟ್ಟೆ ಕೊಟ್ಟಳು.

ಹೊಲಿಗೆ ಮೊದಲು ಹಾವಿನಂತೆ ಹರಿದು, ಬರಬರುತ್ತಾ ನೆಟ್ಟಗಾಯಿತು.

“ಇದನ್ನೇ ನಿಮ್ಮ ಮಗನಿಗೆ ತೋರಿಸ್ತೀನಿ,” ಎಂದು ಅವಳು ಕೈ ಚಾಚಿದಳು.

“ತಾಳಮ್ಮ,” ಎಂದ ದರ್ಜಿ ಕತ್ತರಿ ಎತ್ತಿಕೊಂಡು, ಸೊಟ್ಟಗಿದ್ದ ಭಾಗವನ್ನು ಕತ್ತರಿಸಿ ಜೇಬಿಗಿಳಿಸಿ, ಉಳಿದದ್ದನ್ನು ಕೊಟ್ಟ.