ಬೋತಾಳ ಕಾಲಿನ ದಾರ ಕತ್ತರಿಸುವವರು ಯಾರು?

೧

ಎಲ್ಲಿಂದ ಶುರುಮಾಡಲಿ? ಮಗುವಿನಿಂದ ಶುರುಮಾಡಿದರೆ ನೀವು ಕರಗಿಬಿಡುತ್ತೀರಿ, ಆಮೇಲೆ ನಾನು ಏನು ಗೀಚಿದರೂ ‘ಅಯ್ಯೋ ಕಂದ’ ಅನ್ನುತ್ತೀರಿ. ಬೆಟ್ಟದಿಂದ ಶುರುಮಾಡೋಣವೆಂದರೆ ಅಲ್ಮಾಟಿ ನಗರದಲ್ಲಿ ಬೆಟ್ಟ ಎಲ್ಲರ ಕಿಟಕಿಯಲ್ಲೂ ಇದೆ, ಯಾರೂ ತಿರುಗಿ ನೋಡುವುದಿಲ್ಲ. ಮೊದಲ ಡ್ರಾಫ್ಟಿನಲ್ಲಿ ಹಿಮ ಬೀಳುತ್ತಿತ್ತು. ಹರಿದು ಹಾಕಿದೆ. (ಮಾತಿಗೆ ಹಾಗಂದೆ. ಬರೆದದ್ದು ಫೋನಿನಲ್ಲಿ.) ಎರಡನೆಯದರಲ್ಲಿ ಒಬ್ಬ ಮುದುಕಿ ಕಿಟಕಿಯ ಪಕ್ಕ ಕೂತು ನಿಟ್ಟುಸಿರು ಬಿಡುತ್ತಿದ್ದಳು. ಅದನ್ನು ಬರೆದು ಮುಗಿಸುವಷ್ಟರಲ್ಲಿ ಮುದುಕಿಯೇ ಎದ್ದು ನಿಂತಳು.

“ಯಾರೋ ಮುದುಕಿ? ಈಗ್ಲೂ ಒಂಬತ್ತನೇ ಕ್ಲಾಸಿನ ಹುಡುಗರಿಗಿಂತ ಮುಂಚೆ ಮೈದಾನ ಸುತ್ತಿ ಬರ್ತೀನಿ ನಾನು. ನಿಟ್ಟುಸಿರಂತೆ! ನಿಮ್ಮತ್ತೆ ಬಿಡ್ಲಿ ನಿಟ್ಟುಸಿರು. ಅಳಿಸು.”

ಅಳಿಸಿದೆ.

೨

ಇವಳು ಕುಲ್ಯಾಶ್. ಪಿ.ಟಿ. ಟೀಚರ್. ಟೀಚರಮ್ಮನನ್ನು ಇಲ್ಲಿ ‘ಅಪಾಯ್’ ಅಂತ ಕರೆಯುತ್ತಾರೆ. ಕನ್ನಡ ಬಲ್ಲ ನೀವು ನಗಬಹುದು, ಆದರೆ ಅವಳ ವಿದ್ಯಾರ್ಥಿಗಳು ಕನ್ನಡ ಬಾರದೆಯೂ ಸರಿಯಾದ ಅರ್ಥದಲ್ಲೇ ಕರೆಯುತ್ತಾರೆ.

ಅವಳಿರುವ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕುಲ್ಯಾಶಳಿಗೆ ಇನ್ನೊಂದು ಹೆಸರಿದೆ: ದಾರ ಕತ್ತರಿಸುವವಳು. ಮಗು ಮೊದಲ ಹೆಜ್ಜೆ ಇಡುವ ಹೊತ್ತಿಗೆ ಅದರ ಎರಡೂ ಕಾಲಿಗೆ ಕಪ್ಪು-ಬಿಳಿ ದಾರ ಕಟ್ಟಿ, ಒಬ್ಬರ ಕೈಯಲ್ಲಿ ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ನಡೆಸುತ್ತಾರೆ. ಕತ್ತರಿಸಿದವರ ನಡಿಗೆ ಮಗುವಿಗೆ ಬರುತ್ತದೆ. ನಡಿಗೆ ಅಂದರೆ ಬರೀ ಕಾಲಿನದಲ್ಲ, ನಡತೆ, ಅದೃಷ್ಟ, ಹಟ, ಎಲ್ಲ. ಹಾಗಾಗಿ ಸೋಮಾರಿ ಚಿಕ್ಕಪ್ಪಂದಿರು ಕತ್ತರಿಯ ಹತ್ತಿರ ಸುಳಿಯಬಾರದು. ಕುಲ್ಯಾಶಳ ಹಾಗೆ ಬಿರಬಿರನೆ ನಡೆಯುವವಳು, ಬಸ್ಸು ತಪ್ಪಿದರೆ ಬಸ್ಸಿನ ಹಿಂದೆ ಓಡಿ ಹತ್ತುವವಳು ಸಿಕ್ಕರೆ ಮನೆಯವರು ಬಿಡುತ್ತಾರೆಯೇ? ಆ ಅಂಗಳದಲ್ಲಿ ಈಗ ಕೈಬೀಸಿಕೊಂಡು ಧಡಧಡ ಓಡಾಡುವ ಮಕ್ಕಳೆಲ್ಲ ಅವಳ ಕತ್ತರಿಯವೇ. ಕೆಳಗಿನ ಮನೆಯವರಿಗೆ ನಿದ್ದೆಯಿಲ್ಲ.

(ಇಷ್ಟು ವಿವರಣೆ ಸಾಕು. ನನಗೇ ಪಠ್ಯಪುಸ್ತಕದ ವಾಸನೆ ಬರುತ್ತಿದೆ.)

೩

ಈಗ ಅವಳ ಗುಟ್ಟು. ಗುಟ್ಟೆಂದರೆ ಪ್ರೇಮವಲ್ಲ, ಸಾಲವೂ ಅಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ ಕುಲ್ಯಾಶ್ ಸ್ಕೂಲಿನ ಸಾಮಾನು ಕೋಣೆಯೊಳಗೆ, ಗಾಳಿ ಹೋದ ಚೆಂಡುಗಳ ನಡುವೆ ಕೂತು, ಫ್ಯಾನ್‌ಫಿಕ್ಷನ್, ಅಂದರೆ ಅಭಿಮಾನಿಗಳೇ ಮುಂದುವರಿಸಿ ಬರೆಯುವ ಕಥೆ, ಓದುತ್ತಾಳೆ.

‘ಎಂಟನೇ ಚೌಕಿ’ ಅಂತ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಗಡಿ ಕಾಯುವ ಇಬ್ಬರು ಅಧಿಕಾರಿಗಳು: ಸದಾ ನಗುವ ಸಾಂಝರ್, ಸದಾ ಮುಖ ಗಂಟಿಕ್ಕುವ ತಿಮೋಫೇಯ್. ಹಿಮದಲ್ಲಿ ಸಿಕ್ಕಿಬಿದ್ದ ಲಾರಿಯಲ್ಲಿ ಅವರಿಗೆ ಒಂದು ಹೆಣ್ಣುಮಗು ಸಿಗುತ್ತದೆ. ಬೋತಾ, ಅಂದರೆ ಒಂಟೆಮರಿ, ಅಂತ ಹೆಸರಿಡುತ್ತಾರೆ. ಮುಂದಿನ ಕಂತಿನಲ್ಲೇ ಆ ಮಗುವನ್ನು ಅನಾಥಾಶ್ರಮಕ್ಕೆ ಕೊಟ್ಟು ಕಳ್ಳಸಾಗಣೆದಾರರ ಹಿಂದೆ ಬೀಳುತ್ತಾರೆ! ಪ್ರೇಕ್ಷಕರಿಗೆ ರಕ್ತ ಕುದಿಯಿತು. ಕೊಸ್ತಾನಾಯ್ ಊರಿನಲ್ಲಿ ಕಟ್ಟುಹಲ್ಲು ಮಾಡುವ ಒಬ್ಬ ಮಹಾನುಭಾವ, ‘ಮೂರನೇ ಹಲ್ಲು’ ಎಂಬ ಹೆಸರಿನಲ್ಲಿ, ಅದೇ ವಾರ ಕಥೆಯನ್ನು ಕೈಗೆತ್ತಿಕೊಂಡ. ಅವನ ಕಥೆಯಲ್ಲಿ ಆ ಇಬ್ಬರೂ ಮಗುವನ್ನು ಇಟ್ಟುಕೊಂಡರು. ಒಬ್ಬರನ್ನೊಬ್ಬರು ಇಟ್ಟುಕೊಂಡರು. ಗಂಡ-ಗಂಡ-ಮಗಳು, ಒಂದು ಸ್ಟವ್, ಒಂದು ಕುಂಟುವ ಆಡು. ಶುಕ್ರವಾರಕ್ಕೊಂದು ಕಂತು.

ಓದುವವರು ಎಲ್ಲಿಲ್ಲ! ‘ಉಪ್ಪು ಚಹಾ’ ಎಂಬಾಕೆ ತಿಮೋಫೇಯ್ ಮಾಡುವ ಗಂಜಿಯನ್ನು ನಿಜಕ್ಕೂ ಮಾಡಿ, ಸೀದುಹೋದ ಪಾತ್ರೆಯ ಫೋಟೋ ಹಾಕಿದಳು. ‘ಕರಗಂಡ ಡ್ರೈವರ್’ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಓದಿ, ಅತ್ತು, ಮತ್ತೆ ಹೊರಡುತ್ತಾನೆ. ಬೋತಾಳಿಗೆ ಹಲ್ಲು ಬಂದ ವಾರ ಓದುಗರ ಆನ್‌ಲೈನ್ ಗುಂಪಿನಲ್ಲಿ ಸಿಹಿ ಹಂಚಿದ ಫೋಟೋಗಳೇ ಫೋಟೋಗಳು. ಕುಲ್ಯಾಶಳ ಹೆಸರು ‘ಹಳೇ ವಿಷಲ್’. ಎಲ್ಲರಿಗಿಂತ ಉದ್ದದ ಕಾಮೆಂಟು ಅವಳದೇ. ಒಮ್ಮೆ ಯಾರೋ ‘ಎಷ್ಟಾದರೂ ರಕ್ತಸಂಬಂಧ ಅಲ್ಲವಲ್ಲ’ ಅಂತ ಮೂಗು ತೂರಿಸಿದಾಗ ಅವಳು ಬರೆದದ್ದು ಈಗಲೂ ಗುಂಪಿನ ತಲೆಯ ಮೇಲೆ ಅಂಟಿಸಿದೆ: “ರಾತ್ರಿ ಜ್ವರ ಬಂದಾಗ ರಕ್ತ ಎದ್ದು ಬರಲ್ಲಮ್ಮ, ಮನುಷ್ಯರು ಎದ್ದು ಬರ್ತಾರೆ.”

ಚೆನ್ನಾಗಿದೆ, ಅಲ್ಲವೇ? ನನಗೂ ಹೊಟ್ಟೆ ಉರಿಯಿತು.

೪

ಈ ಶುಕ್ರವಾರ ಕಂತು ಬರಲಿಲ್ಲ, ಪ್ರಶ್ನೆ ಬಂತು. ‘ಮೂರನೇ ಹಲ್ಲು’ ಕೇಳಿದ್ದ: ಬೋತಾ ನಡೆಯತೊಡಗಿದ್ದಾಳೆ. ದಾರ ಯಾರು ಕತ್ತರಿಸಬೇಕು? ನೀವೇ ಹೇಳಿ.

ಸಾಮಾನು ಕೋಣೆಯಲ್ಲಿ ಕುಲ್ಯಾಶಳ ಜೊತೆ ಕೆಮಿಸ್ಟ್ರಿ ಟೀಚರ್ ಬಾತಿಮಾ ಇದ್ದಳು. ಅವಳೂ ಕದ್ದು ಓದುವವಳೇ. ಇಬ್ಬರ ನಡುವೆ ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಬೌರ್ಸಾಕ್.

“ಚೌಕಿ ಡಾಕ್ಟರು ಕತ್ತರಿಸ್ಲಿ ಅಂತಿದ್ದಾರೆ ಜನ,” ಅಂದಳು ಬಾತಿಮಾ.

“ಆ ಡಾಕ್ಟರ್ ಕಾಲೆಳೀತಾ ನಡೀತಾನೆ. ಬೇಡ. ಸಾಂಝರ್ ಅಮ್ಮ ಬರ್ಬೇಕು. ಅಜ್ಜಿ.”

“ಆ ಪಿಶಾಚಿ! ಮಗ ಫೋನ್ ಮಾಡಿದ್ರೆ ‘ರಾಂಗ್ ನಂಬರ್’ ಅಂದವಳು!”

“ಬರ್ತಾಳೆ ಕಣೇ. ಬರ್ಲೇಬೇಕು.” ಕುಲ್ಯಾಶ್ ಹೆಬ್ಬೆರಳಲ್ಲಿ ಟಪಟಪ ಬರೆದಳು. ಗುಂಪಿನಲ್ಲಿ ಬೆಂಕಿ ಹತ್ತಿಕೊಂಡಿತು. ‘ಅಜ್ಜಿಗೆ ಧಿಕ್ಕಾರ’ ಅಂದಳು ಉಪ್ಪು ಚಹಾ. ಡ್ರೈವರ್ ಮಾತ್ರ ಸಮಾಧಾನದಿಂದ ಕೇಳಿದ: “ವಿಷಲ್ ಅಕ್ಕಾ, ಅವಳು ಯಾಕೆ ಬರ್ತಾಳೆ? ನಂಬೋ ಹಂಗೆ ಒಂದು ಕಾರಣ ಹೇಳಿ, ನನ್ನ ಓಟೂ ಅಜ್ಜಿಗೇ.”

ಕುಲ್ಯಾಶ್ ಬರೆದಳು. ಅಳಿಸಿದಳು. ಮತ್ತೆ ಬರೆದಳು. (ನೋಡಿ, ನನ್ನ ಕಷ್ಟ ಎಲ್ಲರಿಗೂ ಬರುತ್ತದೆ.)

ಬಾತಿಮಾ ಬೌರ್ಸಾಕ್ ಮುರಿಯುತ್ತಾ ಅಂದಳು, “ಕಥೇಲಾದ್ರೆ ಎಷ್ಟು ಚೆಂದ ಅಲ್ವಾ? ನಮ್ಮನೇಲಿ ಹಿಂಗೇನಾದ್ರೂ ಆದ್ರೆ ನಾನಂತೂ ಸತ್ತೇ ಹೋಗ್ತೀನಪ್ಪ.”

ಕುಲ್ಯಾಶ್ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಚಹಾ ಬಿಸಿ ಇದ್ದಂತೆಯೇ ಕುಡಿದು ನಾಲಿಗೆ ಸುಟ್ಟುಕೊಂಡಳು.

೫

ಯಾಕೆಂದು ನಿಮಗೆ ಹೇಳಿಬಿಡುತ್ತೇನೆ, ಮುಚ್ಚಿಡುವುದು ನನಗೆ ಬರುವುದಿಲ್ಲ. ಕುಲ್ಯಾಶಳಿಗೆ ತೊಲ್ಗನಾಯ್ ಅಂತ ಒಬ್ಬಳು ಮಗಳು. ನಗರದ ಮೇಲ್ಭಾಗದಲ್ಲಿ, ಬೆಟ್ಟದ ಕಡೆ ಮನೆ. ಅವಳ ಜೊತೆ ರೀಟಾ ತ್ಸೊಯ್, ಬಜಾರಿನಲ್ಲಿ ಕ್ಯಾರೆಟ್ ಸಲಾಡ್ ಮಾರುವ ಕೊರಿಯನ್ ಹುಡುಗಿ. ಅಂಗಳದವರಿಗೆ ಕುಲ್ಯಾಶ್ ಹೇಳಿರುವುದು: “ಬಾಡಿಗೆ ಜಾಸ್ತಿ ಅಲ್ವಾ, ಫ್ರೆಂಡ್ ಜೊತೆಗಿದ್ದಾಳೆ.” ಆ ಫ್ರೆಂಡ್ ಹೆತ್ತ ಮಗು ಸಾಯಾ. ತೊಲ್ಗನಾಯ್‌ಳನ್ನೂ ಅದು ಅಮ್ಮ ಅನ್ನುತ್ತದೆ. ಕುಲ್ಯಾಶ್ ಅದನ್ನು ಫೋಟೋದಲ್ಲಿ ನೋಡಿದ್ದಾಳೆ. ಫೋಟೋ ಹಿಗ್ಗಿಸಿ ನೋಡಿದ್ದಾಳೆ. ಮನೆಗೆ ಹೋಗಿಲ್ಲ.

ಆ ಸಂಜೆ ಮಗಳ ಫೋನ್ ಬಂತು.

“ಅಮ್ಮ, ಸಾಯಾ ನಡೀತಿದ್ದಾಳೆ. ಭಾನುವಾರ ದಾರ ಕತ್ತರಿಸ್ಬೇಕು. ನೀನು ಬಾ.”

“ಭಾನುವಾರ ಸ್ಕೂಲಲ್ಲಿ ಏನೋ ಇದೆ ಕಣೇ.”

“ಭಾನುವಾರ ಸ್ಕೂಲಲ್ಲಿ ಬೀಗ ಇದೆ. ಅಮ್ಮ, ಊರಲ್ಲಿರೋ ಮಕ್ಕಳಿಗೆಲ್ಲ ಕತ್ತರಿಸ್ತೀಯ.”

“ಅಂಗಳದವ್ರಿಗೆ ಗೊತ್ತಾದ್ರೆ? ಸ್ಕೂಲಿಗೆ ಗೊತ್ತಾದ್ರೆ? ನನ್ನ ಕೈಗೆ ಯಾವ ಮಗು ಕೊಡ್ತಾರೆ ಆಮೇಲೆ? ಬೇರೆ ಯಾರ ಕೈಲಾದ್ರೂ ಮಾಡಿಸಿ. ರೀಟಾಳ ದೊಡ್ಡಮ್ಮ ಇದ್ದಾರಲ್ಲ.”

“ಅವ್ರು ಬರ್ತೀನಿ ಅಂದಿದ್ದಾರೆ,” ಅಂದಳು ತೊಲ್ಗನಾಯ್. “ಅವ್ರಲ್ಲಿ ಈ ಪದ್ಧತಿ ಇಲ್ಲ, ಆದ್ರೂ ಕಲಿತ್ಕೊಂಡು ಬರ್ತೀನಿ ಅಂದ್ರು. ನಾನು ಹನ್ನೊಂದು ಗಂಟೆವರೆಗೂ ಕಾಯ್ತೀನಿ ಅಂದೆ. ಬಂದ್ರೆ ನೀನು. ಇಲ್ಲಾಂದ್ರೆ ಅವ್ರು. ಇಡ್ತೀನಮ್ಮ.”

೬

ಇಲ್ಲಿ ನನಗೆ ದಾರಿಗಳಿವೆ.

ಒಂದು: ಕುಲ್ಯಾಶ್ ಅಳುತ್ತಾ ಓಡಿ ಹೋಗುತ್ತಾಳೆ. ಬಾಗಿಲಲ್ಲಿ ಮಗು ಕೈಚಾಚುತ್ತದೆ. ನೀವು ಮೂಗೊರೆಸಿಕೊಳ್ಳುತ್ತೀರಿ.

ಇನ್ನೊಂದು: ‘ಮೂರನೇ ಹಲ್ಲು’ ಅಂದರೆ ಬೇರೆ ಯಾರೂ ಅಲ್ಲ, ರೀಟಾಳೇ! ಅತ್ತೆಯ ಮನಸ್ಸು ಕರಗಿಸಲು ಇಷ್ಟು ಕಾಲ ಬರೆಯುತ್ತಿದ್ದಳು! ಇದನ್ನು ಬರೆದು ಓದಿ ನೋಡಿದೆ. ಹಿನ್ನೆಲೆಯಲ್ಲಿ ಪಿಟೀಲು ಕೇಳಿಸಿತು. ಬಿಟ್ಟೆ. ಅವನು ಕೊಸ್ತಾನಾಯ್‌ನ ಹಲ್ಲಿನವನೇ, ಪಾಪ, ಅವನಿಗೆ ಈಗ ನೆಗಡಿ.

ಮೂರು: ಅವಳು ಹೋಗುವುದೇ ಇಲ್ಲ. ಇದಕ್ಕೆ ವಿಮರ್ಶಕರು ‘ನಿರ್ದಾಕ್ಷಿಣ್ಯ ವಾಸ್ತವ’ ಅನ್ನುತ್ತಾರೆ.

“ಮೂರರಲ್ಲೂ ನನ್ನ ಕೇಳಿದ್ಯಾ?” ಅಂದಳು ಕುಲ್ಯಾಶ್.

“ಅಪಾಯ್, ಜ್ವರದ ಬಗ್ಗೆ ಅಷ್ಟು ಚೆಂದ ಬರೆದವರು ನೀವೇ ಅಲ್ವಾ? ಬೋತಾಳಿಗೊಂದು ನ್ಯಾಯ, ಸಾಯಾಳಿಗೊಂದಾ?”

“ಬೋತಾ ಅಂಗಳಕ್ಕೆ ಬರಲ್ಲ ಕಣೋ. ಬೋತಾಳನ್ನ ಎತ್ಕೊಂಡ್ರೆ ಯಾರೂ ನನ್ನ ಹಿಂದೆ ಗುಸುಗುಸು ಅನ್ನಲ್ಲ. ಕಥೆ ಓದೋಕೆ ಧೈರ್ಯ ಬೇಕಾಗಲ್ಲ. ಬರಿಯೋಕಂತೂ ಮೊದ್ಲೇ ಬೇಕಾಗಲ್ಲ, ನಿನ್ನ ನೋಡಿದ್ರೇ ಗೊತ್ತಾಗತ್ತೆ.”

ಪಾತ್ರಗಳಿಗೆ ಸಲುಗೆ ಕೊಡಬಾರದು.

“ಇನ್ನೊಂದು ಹೇಳ್ತೀನಿ, ಇದನ್ನ ಬರೀಬೇಡ,” ಅಂದಳು. (ಬರೆಯುತ್ತಿದ್ದೇನೆ.) “ದಾರ ಕತ್ತರಿಸಿದ್ರೆ ನನ್ನ ನಡಿಗೆ ಬರತ್ತೆ ಆ ಮಗೂಗೆ. ಎಲ್ರೂ ನಾನು ಜೋರಾಗಿ ನಡಿಯೋದು ನೋಡ್ತಾರೆ. ಮಗಳು ‘ಅಮ್ಮ, ನಾನು ರೀಟಾ ಜೊತೆ ಇರ್ತೀನಿ’ ಅಂದ ದಿವ್ಸ ನಾನು ಎಷ್ಟು ಜೋರಾಗಿ ಎದ್ದು ನಡೆದೆ ಅಂತ ಯಾರೂ ನೋಡಿಲ್ಲ. ಅದೂ ಬಂದ್ಬಿಟ್ರೆ?”

ಅಳಿಸಲು ಹೋದೆ, ಅಳಿಸಲಿಲ್ಲ.

೭

ಶನಿವಾರ ಕುಲ್ಯಾಶ್ ಗುಂಪಿನಲ್ಲಿ ಡ್ರೈವರನಿಗೆ ಉತ್ತರ ಬರೆದಳು. ತಿದ್ದದೆ ಇಲ್ಲಿ ಕೊಡುತ್ತಿದ್ದೇನೆ.

“ಅಜ್ಜಿ ಒಳ್ಳೆಯವಳಾಗಿ ಬರಲ್ಲ ತಮ್ಮಾ. ಬುದ್ಧಿ ಬಂದೂ ಬರಲ್ಲ. ಇನ್ಯಾರೋ ಕತ್ತರಿ ಹಿಡಿದು, ಮಗು ಇನ್ಯಾರ ಹಾಗೋ ನಡೆದುಬಿಡತ್ತಲ್ಲ ಅನ್ನೋ ಹೊಟ್ಟೆಕಿಚ್ಚಿಗೆ ಬರ್ತಾಳೆ. ಹೊಟ್ಟೆಕಿಚ್ಚೂ ಒಂದು ಕಾರಣವೇ. ಒಳ್ಳೇ ಕಾರಣಕ್ಕೆ ಕಾಯ್ತಾ ಕೂತ್ರೆ ಮಗು ಓಡೋಕೆ ಶುರು ಮಾಡ್ಬಿಡತ್ತೆ.”

ಹೃದಯದ ಚಿಹ್ನೆಗಳು ಸುರಿದವು. ಉಪ್ಪು ಚಹಾ ಬರೆದಳು: “ಥೂ, ಅಜ್ಜಿನ ಇಷ್ಟಪಡೋ ಹಾಗೆ ಮಾಡಿಬಿಟ್ರಲ್ಲ, ನಿಮ್ಮ ಬಾಯಿಗೆ ಸಕ್ಕರೆ ಹಾಕಾ.” ಡ್ರೈವರ್ ಓಟು ಹಾಕಿದ. ‘ಮೂರನೇ ಹಲ್ಲು’ ಸೀನುತ್ತಾ ಬರೆಯಲು ಕೂತ.

ಕುಲ್ಯಾಶ್ ಅದನ್ನೆಲ್ಲ ಓದಲಿಲ್ಲ. ಕತ್ತರಿ ಹುಡುಕುತ್ತಿದ್ದಳು.

೮

ಭಾನುವಾರ. ಅಂಗಳದ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ರೇಷ್ಮೆಯ ಕೋಟು, ಕೈಯಲ್ಲಿ ಮಿಠಾಯಿ ಚೀಲ ಕಂಡರೆ ಬಿಡುತ್ತಾರೆಯೇ?

“ಯಾರ ಮಗೂಗೆ, ಅಪಾಯ್?”

ನಾನು ಅವಳಿಗಾಗಿ ಸುಳ್ಳೊಂದನ್ನು ರೆಡಿ ಮಾಡಿಟ್ಟಿದ್ದೆ: ‘ಸಹೋದ್ಯೋಗಿಯ ಮೊಮ್ಮಗ’. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. “ತೊಲ್ಗನಾಯ್ ಮನೆಗೆ,” ಅಂದಳು. ಬೆಂಚು ಒಂದು ಕ್ಷಣ ಲೆಕ್ಕ ಹಾಕಿತು. ಉತ್ತರ ಸಿಗುವಷ್ಟರಲ್ಲಿ ಕುಲ್ಯಾಶ್ ರಸ್ತೆ ದಾಟಿದ್ದಳು.

ಬಸ್ಸು ಹತ್ತಲಿಲ್ಲ, ಮೇಲಕ್ಕೆ ನಡೆದೇ ಹೋದಳು. ನನಗೆ ಏದುಸಿರು. ದಾರಿಯಲ್ಲಿ ಎರಡು ಸಲ ವಾಪಸು ತಿರುಗಿದಳು, ಎರಡು ಸಲವೂ ನನ್ನನ್ನೇ ಬೈದಳು. ಮೆಟ್ಟಿಲು ಹತ್ತಿದಳು. ಬಾಗಿಲ ಮುಂದೆ ಚಪ್ಪಲಿ ರಾಶಿ, ಒಳಗಿಂದ ಬೆಳ್ಳುಳ್ಳಿ ಹಾಕಿದ ಕ್ಯಾರೆಟ್ ವಾಸನೆ, ಎಣ್ಣೆಯ ಚಟಪಟ. ಬೆಲ್ ಒತ್ತಿದಳು.

ಬಾಗಿಲು ತೆರೆದವಳು ರೀಟಾ. ಕೈಯೆಲ್ಲ ಹಿಟ್ಟು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕುಲ್ಯಾಶ್ ಒಳಗೆ ಕಾಲಿಟ್ಟಳು. ಅವಳ ಹಿಂದೆ ನಾನೂ, ನನ್ನ ಹಿಂದೆ ನೀವೂ.

ಅವಳು ತಿರುಗಿದಳು.

“ನೀವೆಲ್ಲಿಗೆ?”

“ಅಪಾಯ್, ಕಥೆ ಈಗಷ್ಟೇ…”

“ಕಥೆ ಶುಕ್ರವಾರ ಬರತ್ತೆ, ಎಲ್ರೂ ಓದ್ಕೊಳ್ಳಿ, ನಾನೂ ಓದ್ತೀನಿ. ಇಲ್ಲಿ ಒಳಗಿರೋದು ನನ್ನ ಮೊಮ್ಮಗಳು. ಕಾಮೆಂಟ್ ಹಾಕೋಕಲ್ಲ.”

ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದೂ ಕೇಳಿಸಿತು.

೯

ದಾರ ಕತ್ತರಿಸಿದಳೋ, ಅಥವಾ ಕತ್ತರಿಯನ್ನು ಆ ದೊಡ್ಡಮ್ಮನ ಕೈಗಿಟ್ಟು ಅಡುಗೆಮನೆಯಲ್ಲಿ ಕೂತು ಅತ್ತಳೋ, ಅಮ್ಮ-ಮಗಳು ಮೊದಲು ಜಗಳವಾಡಿದರೋ, ನನಗೆ ಗೊತ್ತಿಲ್ಲ. ನಾನು ಲೇಖಕ, ಊಹಿಸಬಹುದು. ಬಾಗಿಲಿಗೆ ಕಿವಿಯನ್ನೂ ಇಡಬಹುದು. ಒಳಗೆ ಏನೋ ಧೊಪ್ಪನೆ ಬಿತ್ತು. ಯಾರೋ ನಕ್ಕರು. ಮತ್ತೆ ಇನ್ಯಾರೋ.

ನೀವು ಯಾಕಿನ್ನೂ ನಿಂತಿದ್ದೀರಿ? ಲಿಫ್ಟ್ ಬರುವ ಹಾಗೆ ಕಾಣುವುದಿಲ್ಲ. ನಡೆಯಿರಿ, ಮೆಟ್ಟಿಲಲ್ಲೇ ಇಳಿಯೋಣ.